ಕಣ್ರೀ, ನೋಡ್ರಿ, ಮಾರಾಯ್ರೇ

ಮೈಸೂರು ನಗರದ ವಾಯವ್ಯಕ್ಕೆ, ಹಿನಕಲ್ ಗ್ರಾಮದ ಮಗ್ಗುಲಲ್ಲಿ, ವಿಜಯನಗರವೆಂಬ ವಿಶಾಲವಾದ ಬಡಾವಣೆಯಿದೆ. ಹೆಸರು ತುಂಗಭದ್ರೆಯ ದಡದ ಹಂಪೆಯನ್ನು ನೆನಪಿಗೆ ತರುವಂಥದು. ಅಲ್ಲಿ ವಾಸಿಸುವ ಜನರೂ ಹಾಗೆಯೇ ನಾಡಿನ ನಾಲ್ಕು ದಿಕ್ಕುಗಳಿಂದ ಬಂದು ನೆಲೆಸಿದವರು. ಮಾನಸಗಂಗೋತ್ರಿಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಕಾರ್ಖಾನೆಗಳಲ್ಲಿ ದುಡಿದವರು, ಈಚೆಗೆ ಗಣಕಯಂತ್ರದ ಉದ್ಯೋಗಕ್ಕಾಗಿ ಬಂದ ತರುಣ ದಂಪತಿಗಳು, ಎಲ್ಲರೂ ಇಲ್ಲಿ ನೆರೆಹೊರೆ. ಧಾರವಾಡದವರ ಕಾಂಪೌಂಡಿಗೆ ಅಂಟಿಕೊಂಡು ಪುತ್ತೂರಿನವರ ಮನೆ; ಎದುರು ಸಾಲಿನಲ್ಲಿ ಚಾಮರಾಜನಗರದ ಕಡೆಯವರು; ಮಹಡಿಯ ಮೇಲೆ ಕಾಸರಗೋಡಿನ ಹವ್ಯಕರು. ಕನ್ನಡ ಸಾಹಿತ್ಯ ಪರಿಷತ್ತಿನ ಜಿಲ್ಲಾ ಭವನವಿರುವುದೂ ಈ ಬಡಾವಣೆಯ ಒಂದನೆಯ ಹಂತದಲ್ಲಿಯೇ. ಎಲ್ಲರ ಮಾತೂ ಕನ್ನಡವೇ. ಆದರೂ ಸಂಜೆ ಯೋಗಾನರಸಿಂಹಸ್ವಾಮಿಯ ದೇವಸ್ಥಾನದ ಬಳಿ ನಾಲ್ಕು ಮಂದಿ ಅಜ್ಜಿಯರು ಕಲೆತರೆ ಒಬ್ಬರ ಕನ್ನಡ ಇನ್ನೊಬ್ಬರಿಗೆ ಒಂದು ಗಳಿಗೆ ಒಗಟಾಗುವುದುಂಟು.

ಒಗಟು ಮೊದಲು ಕಾಣಿಸಿಕೊಳ್ಳುವ ಸ್ಥಳ ದಿನಸಿ ಅಂಗಡಿ. ಮಂಗಳೂರಿನ ಕಡೆಯಿಂದ ಹೊಸದಾಗಿ ಬಂದ ಸೊಸೆ ‘ಅರ್ಧ ಕಿಲೋ ಮೆಣಸು ಕೊಡಿ’ ಎಂದರೆ ಮೈಸೂರಿನ ಅಂಗಡಿಯವನು ಒಮ್ಮೆ ಅವಳ ಮುಖವನ್ನು ನೋಡಬೇಕಾಗುತ್ತದೆ. ಅರ್ಧ ಕಿಲೋ ಮೆಣಸೆಂದರೆ ಆತನ ಪಾಲಿಗೆ ಅದು ಮದುವೆಮನೆಯ ಲೆಕ್ಕ. ಅವಳು ಬಯಸಿದ್ದು ಕೆಂಪಗೆ ಒಣಗಿದ ಮೆಣಸಿನಕಾಯಿ. ಅವನು ತೂಗಹೊರಟದ್ದು ಕಪ್ಪು ಕಾಳು. ಕರಾವಳಿಯಲ್ಲಿ ‘ಮೆಣಸು’ ಎಂದರೆ ಮೆಣಸಿನಕಾಯಿಯೇ. ಸಾರಿಗೂ ಕಷಾಯಕ್ಕೂ ಹಾಕುವ ಕಾಳನ್ನು ಅಲ್ಲಿಯವರು ‘ಒಳ್ಳೆಮೆಣಸು’ ಎನ್ನುವರು. ಒಳ್ಳೆಯ ಮೆಣಸೆಂದರೆ ಇನ್ನೊಂದು ಕೆಟ್ಟದ್ದೇ ಎಂದು ಮೈಸೂರಿನ ಅತ್ತೆ ನಗುವುದು ಸಹಜ. ಆದರೆ ಆ ‘ಒಳ್ಳೆ’ ಎಂಬ ಎರಡಕ್ಷರದಲ್ಲಿ ನಾಲ್ಕೈದು ನೂರು ವರ್ಷಗಳ ಕಥೆ ಅಡಗಿದೆ.

1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಲ್ಲಿಕೋಟೆಯ ತೀರಕ್ಕೆ ಬಂದುವು. ಅವನನ್ನು ಅಷ್ಟು ದೂರ ಎಳೆದು ತಂದದ್ದು ಕರಿಮೆಣಸಿನ ವ್ಯಾಪಾರ. ಅದುವರೆಗೆ ಕನ್ನಡನಾಡಿನ ಅಡಿಗೆಯಲ್ಲಿ ಖಾರವೆಂದರೆ ಹೆಚ್ಚಾಗಿ ಮೆಣಸಿನದೇ. ಅಮೆರಿಕ ಖಂಡದ ಗಿಡವಾದ ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದಿತು. ಹೊಸ ಪದಾರ್ಥಕ್ಕೆ ಹೊಸ ಹೆಸರು ಹುಡುಕುವ ಶ್ರಮವನ್ನು ಯಾವ ಅಡಿಗೆಮನೆ ವಹಿಸುತ್ತದೆ? ಖಾರವಾಗಿರುವುದರಿಂದ ಅದೂ ಮೆಣಸಾಯಿತು. ಮೈಸೂರಿನವರು ಹಳೆಯದಕ್ಕೆ ಹಳೆಯ ಹೆಸರನ್ನೇ ಉಳಿಸಿ, ಹೊಸದಕ್ಕೆ ‘ಕಾಯಿ’ ಸೇರಿಸಿ ‘ಮೆಣಸಿನಕಾಯಿ’ ಎಂದರು. ಕರಾವಳಿಯವರು ಹೆಸರನ್ನು ಹೊಸಬನಿಗೆ ಬಿಟ್ಟುಕೊಟ್ಟು, ಹಳಬನಿಗೆ ‘ಒಳ್ಳೆಯದು’ ಎಂಬ ಬಿರುದನ್ನು ಕೊಟ್ಟರು. ತುಳುವಿನಲ್ಲಿ ‘ಮುಂಚಿ’ ಎಂದರೆ ಮೆಣಸಿನಕಾಯಿ, ‘ಎಡ್ಡೆಮುಂಚಿ’ ಎಂದರೆ ಕರಿಮೆಣಸು. ಎಡ್ಡೆ ಎಂದರೆ ಒಳ್ಳೆಯದು. ಮಲೆಯಾಳದಲ್ಲಿಯೂ ಕರಿಮೆಣಸು ‘ನಲ್ಲಮುಳಗು’. ಮೂರು ಭಾಷೆಗಳ ಗೃಹಿಣಿಯರು ಒಂದೇ ತೀರ್ಪನ್ನು ಕೊಟ್ಟಿದ್ದಾರೆ: ಹೊಸ ಖಾರಕ್ಕಿಂತ ಹಳೆಯ ಖಾರ ಮೇಲು. ಹೀಗಿರಲು ಅತ್ತೆ ನಗುವುದಕ್ಕೂ ಸೊಸೆ ನಾಚುವುದಕ್ಕೂ ಕಾರಣವೇ ಇಲ್ಲ.

ಹೊಸಬರು ಹಳಬರ ಹೆಸರಿನಲ್ಲಿ ಮನೆ ಸೇರಿದ ದೃಷ್ಟಾಂತಗಳು ಇನ್ನೂ ಇವೆ. ನೆಲಗಡಲೆ ದಕ್ಷಿಣ ಅಮೆರಿಕದ ಬೆಳೆ. ಕರಾವಳಿಯವರು ಅದನ್ನು ನೆಲದೊಳಗಣ ಕಡಲೆಯೆಂದು ಗುರುತಿಸಿದರು. ಮೈಸೂರಿನವರು ಕಡಲೆಕಾಯಿ ಎಂದರು. ಧಾರವಾಡದವರು ಮರಾಠಿಯಲ್ಲಿ ‘ಕೋಡು’ ಎಂಬರ್ಥದ ‘ಶೇಂಗ’ದಿಂದ ‘ಶೇಂಗಾ’ ಎಂದರು. ಈರುಳ್ಳಿಯ ಕಥೆ ಇದಕ್ಕೆ ವಿರುದ್ಧ. ಅದು ಇಲ್ಲಿಯ ಹಳೆಯ ಪದಾರ್ಥ. ಮೈಸೂರಿನ ಈರುಳ್ಳಿ, ಕರಾವಳಿಯ ನೀರುಳ್ಳಿ, ಧಾರವಾಡದ ಉಳ್ಳಾಗಡ್ಡಿ ಮೂರನ್ನೂ ಬಿಡಿಸಿದರೆ ಒಳಗೆ ಸಿಕ್ಕುವುದು ‘ಉಳ್ಳಿ’ ಎಂಬ ಒಂದೇ ಗಡ್ಡೆ. ಬೆಳ್ಳುಳ್ಳಿಯಲ್ಲಿರುವುದೂ ಅದೇ, ಬೆಳ್ಳಗಿನ ಉಳ್ಳಿ.

ಧಾರವಾಡದ ಕಡೆಯ ಕುಟುಂಬದಲ್ಲಿ ತಿಂಗಳ ಕೊನೆಗೆ ‘ಪಗಾರ’ ಬರುತ್ತದೆ, ಮೈಸೂರಿನವರಲ್ಲಿ ‘ಸಂಬಳ’. ಪಗಾರ ಪೋರ್ಚುಗೀಸಿನ ಮಾತು. ‘ಪಗಾರ್’ ಎಂದರೆ ಆ ಭಾಷೆಯಲ್ಲಿ ಹಣ ಸಲ್ಲಿಸುವುದು. ಗೋವೆ ಹತ್ತಿರವಿದ್ದುದರಿಂದ ಮರಾಠಿ ಕೊಂಕಣಿಗಳ ಕೈಹಿಡಿದು ಇದು ಘಟ್ಟ ಹತ್ತಿತು. ಬೀಗ ತೆಗೆಯುವ ‘ಚಾವಿ’ಯೂ, ತೋಟದ ‘ಪೇರಲ’ವೂ ಅದೇ ದಾರಿಯವು. ಸಂಬಳ ಮಾತ್ರ ಸಂಸ್ಕೃತದ ‘ಶಂಬಲ’ ಎಂಬುದರಿಂದ ಬಂದದ್ದು. ಪ್ರಯಾಣಕ್ಕೆ ಹೊರಟವನು ಕಟ್ಟಿಕೊಳ್ಳುವ ಬುತ್ತಿ ಎಂದು ಅದರ ಮೂಲಾರ್ಥ. ತಿಂಗಳ ಇಪ್ಪತ್ತನೆಯ ತಾರೀಖಿಗೆ ಆ ಬುತ್ತಿ ಬರಿದಾಗುವ ಅನುಭವ ಎರಡು ಕಡೆಯವರಿಗೂ ಸಮಾನವೇ ಸರಿ.

ಈ ಭೇದಗಳಿಗೆ ರಾಜಕೀಯ ಚರಿತ್ರೆಯೂ ಕಾರಣ. 1956ರ ನವೆಂಬರ್ 1ರವರೆಗೆ ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಒಂದೆಡೆ ಕಚೇರಿಯ ಮಾತು ಮರಾಠಿಯ ನೆರಳಿನಲ್ಲಿ ಬೆಳೆಯಿತು, ಮತ್ತೊಂದೆಡೆ ಉರ್ದುವಿನ ನೆರಳಿನಲ್ಲಿ. ಗಡಿಗಳು ಅಳಿಸಿದ ಮೇಲೂ ಮಾತಿನಲ್ಲಿ ಆ ಗೆರೆಗಳು ಉಳಿದುವು. ಕಾಸರಗೋಡಿನವರಿಗಂತೂ ಹೊಸ ಗಡಿಯೇ ಏರ್ಪಟ್ಟಿತು.

ಪದಾರ್ಥಗಳ ಹೆಸರನ್ನು ಬಿಟ್ಟು ಸಂಭಾಷಣೆಯ ಕಡೆ ಕಿವಿಗೊಟ್ಟರೆ ಇನ್ನೂ ಸ್ವಾರಸ್ಯವಿದೆ. ಮೈಸೂರಿನವರು ಮಾತು ಮಾತಿಗೂ ‘ಹೌದು ಕಣ್ರೀ’, ‘ಇಲ್ಲ ಕಣೇ’ ಎನ್ನುವರು. ಧಾರವಾಡದವರು ‘ಹೌದ್ ನೋಡ್ರಿ’ ಎನ್ನುವರು. ಮಂಗಳೂರಿನವರಿಗೆ ‘ಹೌದು ಮಾರಾಯ್ರೇ’ ಎಂದಲ್ಲದೆ ಬಾಯಿ ಮುಚ್ಚದು. ಈ ‘ಕಣ್ರೀ’ಗೆ ಅರ್ಥವೇನೆಂದು ಕೇಳಿದರೆ ಬಹುಮಂದಿ ಮೈಸೂರಿನವರು ತಬ್ಬಿಬ್ಬಾಗುವರು; ಅದು ಸುಮ್ಮನೆ ಬರುವ ಮಾತು ಎನ್ನುವರು. ಸುಮ್ಮನೆ ಬಂದದ್ದಲ್ಲ. ಅದು ‘ಕಾಣ್’ ಎಂಬ ಧಾತು, ನೋಡು ಎಂದರ್ಥ. ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ದೇವರೊಡನೆ ಮಾತನಾಡುವಾಗ ಮತ್ತೆ ಮತ್ತೆ ‘ಕಾಣಾ’ ಎನ್ನುತ್ತಾರೆ. ಅಷ್ಟೇ ಸಲುಗೆಯಿಂದ ‘ನೋಡಾ’ ಎಂದೂ ಹೇಳುತ್ತಾರೆ. ಅವರಲ್ಲಿ ಜೊತೆಯಾಗಿದ್ದ ಎರಡು ಮಾತುಗಳಲ್ಲಿ ಒಂದು ಕಾವೇರಿಯ ಕಡೆ ‘ಕಣೋ’ ಎಂದು ಸವೆದಿದೆ, ಇನ್ನೊಂದು ಮಲಪ್ರಭೆಯ ಕಡೆ ‘ನೋಡ್ರಿ’ ಎಂದು ಉಳಿದಿದೆ. ನೆರೆಮನೆಯವರಿಬ್ಬರೂ ಹೇಳುತ್ತಿರುವುದು ಒಂದೇ. ಕುಂದಾಪುರದ ಕಡೆಯವರು ಇಂದಿಗೂ ನೋಡು ಎನ್ನಬೇಕಾದಲ್ಲಿ ‘ಕಾಣಿ’ ಎಂದೇ ಹೇಳುವುದು ಇದಕ್ಕೆ ಜೀವಂತ ಸಾಕ್ಷಿ. ‘ಮಾರಾಯ’ನಾದರೋ ‘ಮಹಾರಾಯ’ನ ಸವೆದ ರೂಪ. ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತವನನ್ನೂ ಮಹಾರಾಜನೆಂದು ಕರೆಯುವ ಸೌಜನ್ಯ ಕರಾವಳಿಯವರದು!

ಇನ್ನು ‘ರೀ’. ಧಾರಾವಾಹಿ ಕಾದಂಬರಿಗಳ ನಾಯಿಕೆಯರು ಪತಿಯನ್ನು ಹೆಸರು ಹಿಡಿಯದೆ ಕರೆಯಲು ಬಳಸುವ ಈ ಒಂದಕ್ಷರ, ‘ಬನ್ನಿರಿ’, ‘ಕೇಳಿರಿ’ ಎಂಬ ಬಹುವಚನದ ಕ್ರಿಯಾಪದಗಳ ಬಾಲ. ತಲೆ ಬಿದ್ದುಹೋಗಿ ಬಾಲವೇ ಒಂದು ಸಂಬೋಧನೆಯಾಗಿ ಸಂಸಾರ ನಡೆಸುತ್ತಿದೆ.

ಇವೆಲ್ಲ ನಗುತ್ತ ಕೇಳಬಹುದಾದ ವಿಷಯಗಳು. ಆದರೆ ಮಾತಿನ ಭೇದ ಎಲ್ಲ ಕಾಲದಲ್ಲಿಯೂ ನಗೆಯಲ್ಲಿಯೇ ಮುಗಿಯುವುದಿಲ್ಲ. ನಂಜನಗೂಡು, ಮಂಡ್ಯದ ಕಡೆಯ ಹಳ್ಳಿಗಳಿಂದ ಬಂದ ಹುಡುಗ ತರಗತಿಯಲ್ಲಿ ಎದ್ದು ನಿಂತು ‘ಆಲು’, ‘ಅಬ್ಬ’, ‘ಊವು’ ಎಂದರೆ ಉಳಿದವರು ಮುಸಿಮುಸಿ ನಗುತ್ತಾರೆ. ಅವನು ಹೇಳಬೇಕಾಗಿದ್ದುದು ಹಾಲು, ಹಬ್ಬ, ಹೂವು. ಎರಡು ಸಲ ನಗೆಗೀಡಾದ ಹುಡುಗ ಮೂರನೆಯ ಸಲ ಎಚ್ಚರಿಕೆ ವಹಿಸಿ, ಹಕಾರವಿಲ್ಲದ ಕಡೆಯೂ ಒಂದನ್ನು ಸೇರಿಸಿ ‘ಹಾಕಾಶ’ ಎನ್ನುತ್ತಾನೆ. ಆಗ ನಗೆ ಇಮ್ಮಡಿ. ತಪ್ಪಬಾರದೆಂಬ ಭಯದಿಂದಲೇ ಹುಟ್ಟಿದ ತಪ್ಪು ಅದು ಎಂಬುದನ್ನು ಯೋಚಿಸುವವರು ವಿರಳ. ಆಮೇಲೆ ಅವನು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಕಡಮೆ ಮಾಡುತ್ತಾನೆ. ಬುದ್ಧಿವಂತ ಮಕ್ಕಳು ಹಿಂದಿನ ಬೆಂಚಿಗೆ ಸರಿಯುವುದಕ್ಕೆ ಇದೂ ಒಂದು ಕಾರಣ.

ಈ ಹಕಾರದ ಪೂರ್ವೋತ್ತರವನ್ನು ವಿಚಾರಿಸಿದರೆ ನಗುವವರ ನಗೆ ಉಡುಗಬೇಕು. ಹಳಗನ್ನಡದಲ್ಲಿ ಹಾಲು ‘ಪಾಲ್’, ಹೂವು ‘ಪೂ’, ಹಬ್ಬ ‘ಪರ್ಬ’. ಹತ್ತನೆಯ ಶತಮಾನದ ಸುಮಾರಿನಿಂದ ಪದಾದಿಯ ಪಕಾರ ಹಕಾರವಾಗಿ ಮೆಲ್ಲಮೆಲ್ಲನೆ ಮಾರ್ಪಟ್ಟಿತು. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಈ ಮಾರ್ಪಾಟನ್ನು ಗುರುತಿಸಿದ್ದಾನೆ. ಅಂದರೆ ಇಂದು ಶುದ್ಧವೆನ್ನಿಸಿಕೊಂಡ ‘ಹಾಲು’ ಪಂಪನ ಕಾಲದ ಕಿವಿಗೆ ಅಪಭ್ರಂಶವಾಗಿ ಕೇಳಿಸುತ್ತಿತ್ತು. ‘ಪಾಲ್’ ‘ಹಾಲು’ ಆಯಿತು. ಹಳ್ಳಿಯ ಹುಡುಗನ ಬಾಯಲ್ಲಿ ‘ಹಾಲು’ ‘ಆಲು’ ಆಯಿತು. ಭಾಷೆ ನಡೆದು ಬಂದ ದಾರಿಯಲ್ಲಿಯೇ ಅವನು ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದಾನೆ, ಅಷ್ಟೇ. ಸ್ಪೇನ್ ದೇಶದ ಭಾಷೆ ನಡೆದದ್ದೂ ಇಂಥದೇ ದಾರಿಯಲ್ಲಿ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫರೀನ’ ಎಂದು ಹೆಸರು. ಸ್ಪೇನಿನವರು ಅದನ್ನು ಮೊದಲು ‘ಹರೀನ’ ಎಂದರು. ಬರೆಹದಲ್ಲಿ ಆ ಹಕಾರವನ್ನು ಇಂದಿಗೂ ಇಟ್ಟುಕೊಂಡು ಬಾಯಲ್ಲಿ ‘ಅರೀನ’ ಎನ್ನುತ್ತಾರೆ. ಅಲ್ಲಿ ದೊರೆಯೂ ಹೀಗೆಯೇ ಹೇಳುತ್ತಾನೆ, ಯಾರೂ ನಗುವುದಿಲ್ಲ. ನಂಜನಗೂಡಿನವನು ಮಾಡಿದ ಅಪರಾಧವೆಂದರೆ ದೊರೆಯಾಗಿ ಹುಟ್ಟದೆ ಇದ್ದದ್ದು.

ಲಂಡನ್ ನಗರದ ಬಡವರೂ ಹಕಾರವನ್ನು ನುಂಗುವರು. ಬರ್ನಾರ್ಡ್ ಷಾ 1913ರಲ್ಲಿ ರಂಗಕ್ಕೆ ತಂದ ‘ಪಿಗ್ಮೇಲಿಯನ್’ ನಾಟಕದ ಹೂವಾಡಗಿತ್ತಿ ಎಲೈಜಳ ಗೋಳೆಲ್ಲ ಉಚ್ಚಾರಣೆಯದೇ; ಮಾತು ತಿದ್ದಿಕೊಂಡಳು, ಸಮಾಜ ಅವಳನ್ನು ಸರದಾರಿಣಿಯೆಂದು ನಂಬಿತು. ನಾಟಕಕ್ಕಿಂತ ಸೋಜಿಗವಾದದ್ದು ಜೋಸೆಫ್ ರೈಟ್ ಎಂಬುವನ ನಿಜಜೀವನ. 1855ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಈತ ಆರು ವರ್ಷದ ಹುಡುಗನಾಗಿದ್ದಾಗಲೇ ಕಲ್ಲುಗಣಿಯಲ್ಲಿ ಕತ್ತೆ ಹೊಡೆಯುವ ಕೆಲಸಕ್ಕೆ ಸೇರಿದ, ಆಮೇಲೆ ಗಿರಣಿಗೆ. ಓದು ಬರೆಹ ಕಲಿತದ್ದು ಹದಿನೈದರ ಸುಮಾರಿಗೆ. ಅಂಥವನು ಮುಂದೆ ಆಕ್ಸ್‌ಫರ್ಡಿನಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕನಾಗಿ, 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಇಂಗ್ಲಿಷಿನ ಪ್ರಾಂತೀಯ ಮಾತುಗಳ ನಿಘಂಟನ್ನು ಹೊರತಂದ. ಅವನ ಊರಿನ ಕಡೆ ಮಕ್ಕಳು ಆಟವಾಡುವುದಕ್ಕೆ ‘ಲೇಕ್’ ಎನ್ನುವರು. ತೊರೆಗೆ ‘ಬೆಕ್’ ಎನ್ನುವರು. ಪಟ್ಟಣದ ಉಪಾಧ್ಯಾಯರಿಗೆ ಇವು ಒಡ್ಡ ಮಾತುಗಳಾಗಿ ಕಂಡುವು. ಆದರೆ ಅವು ಒಂಬತ್ತನೆಯ ಶತಮಾನದಲ್ಲಿ ಆ ತೀರಕ್ಕೆ ಬಂದು ನೆಲೆಸಿದ ಉತ್ತರದೇಶದ ನಾವಿಕರ ಭಾಷೆಯಿಂದ ಬಂದವು. ‘ಮೆಣಸು’ ಪೋರ್ಚುಗೀಸರ ನೆನಪನ್ನು ಹೊತ್ತಂತೆ ‘ಬೆಕ್’ ಆ ಕಡಲುಗಳ್ಳರ ನೆನಪನ್ನು ಹೊತ್ತಿದೆ.

ಮತ್ತೆ ವಿಜಯನಗರದ ಮಹಡಿಮನೆಗೆ. ಕಾಸರಗೋಡಿನ ಹವ್ಯಕ ಕುಟುಂಬದ ಮಗು ಮನೆಯಲ್ಲಿ ‘ನಾನು’ ಎನ್ನುವುದಿಲ್ಲ, ‘ಆನು’ ಎನ್ನುತ್ತದೆ. ಕೆಳಗಿನ ಮನೆಯ ಮಕ್ಕಳಿಗೆ ಅದು ತಮಾಷೆ. ಒಂದೆರಡು ತಿಂಗಳಲ್ಲಿ ಮಗುವೂ ‘ನಾನು’ ಎನ್ನಲು ಕಲಿಯುತ್ತದೆ. ಹಳಗನ್ನಡದ ಕಾವ್ಯಗಳನ್ನು ತೆರೆದು ನೋಡಿದವರಿಗೆ ಗೊತ್ತು, ಪಂಪನ ಪಾತ್ರಗಳು ತಮ್ಮನ್ನು ಹೇಳಿಕೊಳ್ಳುವುದು ‘ಆನ್’ ಎಂದೇ. ಸಾವಿರ ವರ್ಷಗಳ ಕಾಲ ಅಡಕೆ ತೋಟಗಳ ನೆರಳಿನಲ್ಲಿ ಮಾಸದೆ ಉಳಿದ ಸರ್ವನಾಮ, ಒಂದು ಮಾಳಿಗೆಯ ಮೆಟ್ಟಿಲಲ್ಲಿ ಎರಡು ತಿಂಗಳೊಳಗೆ ಕಳೆದುಹೋಗುವುದೆಂದರೆ ಅದು ಸಣ್ಣ ನಷ್ಟವಲ್ಲ. ಮಗುವಿನ ತಾಯಿತಂದೆಗಳು ‘ಆನು’ ಪ್ರಾಚೀನ ರೂಪವೆಂದು ತಿಳಿದಿದ್ದರೆ ಒಂದು ಮಾತನ್ನಾದರೂ ಹೇಳಿ ಮಗುವಿಗೆ ಧೈರ್ಯ ಕೊಡುತ್ತಿದ್ದರು. ಅವರಿಗೂ ಅದು ಮನೆಮಾತು, ಹೊರಗೆ ಆಡಬಾರದ ಮಾತು ಎಂದಷ್ಟೇ ಗೊತ್ತು.

ಯಾವುದು ಒಳ್ಳೆಯ ಕನ್ನಡ ಎಂಬ ಪ್ರಶ್ನೆ ಇಂದಿನದಲ್ಲ. ಸುಮಾರು 850ರಲ್ಲಿ ರಚಿತವಾದ ‘ಕವಿರಾಜಮಾರ್ಗ’ ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದ ಕನ್ನಡನಾಡಿನಲ್ಲಿ ತಿರುಳ್ಗನ್ನಡದ ಸೀಮೆ ಯಾವುದೆಂದು ಗುರುತಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನೆಲ ಅದು. ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣವೇ ಕೊಪ್ಪಳ, ಪುಲಿಗೆರೆಯೇ ಲಕ್ಷ್ಮೇಶ್ವರ, ಒಂಕುಂದವಿರುವುದು ಬೆಳಗಾವಿ ಸೀಮೆಯಲ್ಲಿ. ಇವುಗಳಲ್ಲಿ ಒಂದೂ ಮೈಸೂರಿನ ಸಮೀಪದಲ್ಲಿಲ್ಲ! ಅರಮನೆ, ವಿಶ್ವವಿದ್ಯಾನಿಲಯ, ಮುದ್ರಣಾಲಯ, ಪಠ್ಯಪುಸ್ತಕಗಳ ಬಲದಿಂದ ಹಳೆಯ ಮೈಸೂರಿನ ಕನ್ನಡ ಶಿಷ್ಟವೆಂಬ ಪದವಿಯನ್ನೇರಿದ್ದು ಈಚಿನ ಕಾಲದಲ್ಲಿ. ಧಾರವಾಡದವರ ‘ರೊಕ್ಕ’ವನ್ನೂ ‘ಕಸಬರಿಗೆ’ಯನ್ನೂ ಕೇಳಿ ಮುಗುಳುನಗುವ ಮೈಸೂರಿಗರು ಈ ಭೂಗೋಳವನ್ನು ಒಮ್ಮೆ ನೆನೆಯಬಹುದು. ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಬರುತ್ತದೆ: ಕನ್ನಡಗಳಲ್ಲಿ ದೇಸಿ ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷ ಇಷ್ಟೇ ಎಂದು ಲೆಕ್ಕಹಾಕ ಹೊರಟರೆ ವಾಸುಕಿಗೂ ಬೇಸರವಾದೀತೆಂದು. ಸಾವಿರ ನಾಲಗೆಯ ಹಾವಿಗೇ ಆಗದ ಕೆಲಸ ಎಂಬ ಭಾವ. ‘ಕನ್ನಡಗಳು’ ಎಂಬ ಬಹುವಚನ ಆಗಲೇ ಬಂದಿರುವುದನ್ನು ಗಮನಿಸಬೇಕು.

ಹಾಗೆಂದು ಹಳ್ಳಿಯ ಮಾತೆಲ್ಲ ಹಳೆಯದು, ಹಳೆಯದೆಲ್ಲ ಹೊನ್ನು ಎಂದು ಹೊರಟರೂ ಪ್ರಮಾದವೇ. ಧಾರವಾಡದ ‘ಪಗಾರ’ ಪೋರ್ಚುಗೀಸರಿಗಿಂತ ಹಿಂದಿನದಾಗಲಾರದು. ಪದಗಳ ಹುಟ್ಟನ್ನು ಕಿವಿಗೆ ಇಂಪಾದ ಕಥೆಯಿಂದ ಕಟ್ಟುವ ಚಪಲವೂ ದೊಡ್ಡದು. ಹೊಯ್ಸಳ ದೊರೆಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ‘ಬೆಂದಕಾಳೂರು’, ಅದರಿಂದ ಬೆಂಗಳೂರು ಎಂಬ ಕಥೆಯನ್ನು ಕೇಳದವರಿಲ್ಲ. ಆದರೆ ಆ ದೊರೆಗಿಂತ ಮುನ್ನೂರು ವರ್ಷಗಳಷ್ಟು ಹಿಂದಿನ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರ’ ಕಾಳಗದ ಪ್ರಸ್ತಾಪವಿದೆ. ಕಾಳು ಬೇಯುವ ಮೊದಲೇ ಊರಿಗೆ ಹೆಸರಿತ್ತು. ಇಂಗ್ಲಿಷಿನ ‘ಕ್ಯಾಶ್’ ನಮ್ಮ ‘ಕಾಸಿ’ನಿಂದ ಬಂತೆಂದು ಎದೆಯುಬ್ಬಿಸಿ ಹೇಳುವವರುಂಟು. ಇದು ಅರ್ಧ ನಿಜ. ಪೂರ್ವದೇಶಗಳ ಸಣ್ಣ ನಾಣ್ಯಕ್ಕೆ ಆಂಗ್ಲರು ಇಟ್ಟ ‘ಕ್ಯಾಶ್’ ಎಂಬ ಹೆಸರು ದಕ್ಷಿಣದ ಕಾಸಿನದೇ. ಆದರೆ ಬ್ಯಾಂಕಿನ ಕಿಟಕಿಯಲ್ಲಿ ಎಣಿಸಿ ಕೊಡುವ ‘ಕ್ಯಾಶ್’ ಫ್ರೆಂಚರ ಹಣದ ಪೆಟ್ಟಿಗೆಯಿಂದ ಬಂದದ್ದು. ಎರಡು ಪದಗಳು ಒಂದೇ ವೇಷದಲ್ಲಿ ನಿಂತಿವೆ.

ಪದಗಳ ವಂಶಾವಳಿಯನ್ನು ತಿಳಿಯಲು ಊಹೆಗಿಂತ ಸಂಗ್ರಹ ಮುಖ್ಯ. ಈ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರು ಕನ್ನಡಕ್ಕೆ ಇಲ್ಲದೆ ಇಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಟ ತನ್ನ ನಿಘಂಟಿನಲ್ಲಿ ರೆವರೆಂಡ್ ಕಿಟ್ಟೆಲ್ಲರು ಅನೇಕ ಪದಗಳ ಪಕ್ಕದಲ್ಲಿ ಇದು ಮೈಸೂರಿನದು, ಇದು ದಕ್ಷಿಣ ಮಹಾರಾಷ್ಟ್ರ ಸೀಮೆಯದು ಎಂದು ಗುರುತು ಹಾಕಿದ್ದಾರೆ. ಧಾರವಾಡದ ಕಡೆಯನ್ನು ಆಗ ಹಾಗೆ ಕರೆಯುತ್ತಿದ್ದರು. 1968ರಲ್ಲಿ ಯು. ಪಿ. ಉಪಾಧ್ಯಾಯರು ನಂಜನಗೂಡಿನ ಒಕ್ಕಲಿಗರ ಮಾತನ್ನೇ ಆರಿಸಿಕೊಂಡು ಒಂದು ಗ್ರಂಥವನ್ನು ಬರೆದರು. ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಲ್ಲಿ ಮೈಸೂರಿನಲ್ಲಿಯೇ ಸ್ಥಾಪಿತವಾಯಿತು. ಸಾಹಿತ್ಯ ಪರಿಷತ್ತಿನ ದೊಡ್ಡ ಕನ್ನಡ ನಿಘಂಟು 1970ರಲ್ಲಿ ಮೊದಲಾಗಿ 1995ರಲ್ಲಿ ಎಂಟು ಸಂಪುಟಗಳಾಗಿ ಮುಗಿಯಿತು. ಆ ಸಂಪುಟಗಳನ್ನು ಬಿಚ್ಚಿ ನೋಡುವ ಮನೆಗಳು ಎಷ್ಟು ಎಂಬುದು ಬೇರೆ ಮಾತು.

ನಂಜನಗೂಡಿನ ಸೀಮೆಯವರೇ ಆದ ದೇವನೂರ ಮಹಾದೇವರು ‘ಕುಸುಮಬಾಲೆ’ಯನ್ನು 1984ರಲ್ಲಿ ಆ ಕಡೆಯ ಆಡುಮಾತಿನಲ್ಲಿಯೇ ಬರೆದಾಗ, ಕನ್ನಡವನ್ನು ಚೆನ್ನಾಗಿ ಓದಿದವರೂ ತಡವರಿಸಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ತರಗತಿಯಲ್ಲಿ ನಗೆಗೀಡಾಗುವ ಕನ್ನಡವೇ ದೆಹಲಿಯಲ್ಲಿ ಸನ್ಮಾನಕ್ಕೆ ಪಾತ್ರವಾಯಿತು. ಆ ಸೀಮೆಯಲ್ಲಿ ಮನೆಗೆ ‘ಹಟ್ಟಿ’ ಎನ್ನುವರು. ಪುತ್ತೂರಿನವರಿಗೆ ಹಟ್ಟಿಯೆಂದರೆ ದನದ ಕೊಟ್ಟಿಗೆ. ಚಿತ್ರದುರ್ಗದ ಕಡೆ ಗೊಲ್ಲರ ವಸತಿ. ನೀಲಗಿರಿಯ ಬಡಗರಿಗೆ ಇಡೀ ಊರು. ‘ನಮ್ಮ ಹಟ್ಟಿಗೆ ಊಟಕ್ಕೆ ಬನ್ನಿ’ ಎಂದು ಚಾಮರಾಜನಗರದವರು ಕರೆದರೆ ಪುತ್ತೂರಿನವರು ಏನೆಂದುಕೊಂಡಾರು! ಹಳಗನ್ನಡದ ‘ಪಟ್ಟಿ’ ಎಂದರೆ ದನ ಕುರಿಗಳನ್ನು ಕೂಡುವ ದೊಡ್ಡಿ. ದನಗಳಿದ್ದಲ್ಲಿ ಜನ, ಜನವಿದ್ದಲ್ಲಿ ಮನೆ, ಮನೆಗಳು ಕೂಡಿ ಊರು. ಒಂದೇ ಪದ ಒಂದೊಂದು ಸೀಮೆಯಲ್ಲಿ ಒಂದೊಂದು ಮೆಟ್ಟಿಲ ಮೇಲೆ ನಿಂತಿದೆ.

ಪಟ್ಟಣದವರ ‘ಸಂಜೆ’ ಸಂಸ್ಕೃತದ ಸಂಧ್ಯೆ. ಹಳ್ಳಿಯವರ ‘ಬೈಗು’ ಅಚ್ಚ ಕನ್ನಡ, ತುಳುವಿನ ‘ಬಯ್ಯ’ದ ಒಡಹುಟ್ಟು. ಪಟ್ಟಣದ ಪೂರ್ವ ಪಶ್ಚಿಮಗಳು ಹಳ್ಳಿಯಲ್ಲಿ ಮೂಡಲು, ಪಡುವಲು. ಹೊತ್ತು ಮೂಡುವ ಕಡೆ ಮೂಡಲು. ಅದು ಬೀಳುವ, ಅಂದರೆ ‘ಪಡುವ’, ಕಡೆ ಪಡುವಲು. ಈ ಎರಡು ಮಾತುಗಳು ಊರುಗಳ ಹೆಸರಿನಲ್ಲಿ ಭದ್ರವಾಗಿ ಕುಳಿತಿವೆ. ಕರಾವಳಿಯಲ್ಲಿ ಮೂಡುಬಿದಿರೆ, ಪಡುಬಿದಿರೆ. ಹೊಳೆನರಸೀಪುರದ ಕಡೆ ಮೂಡಲಹಿಪ್ಪೆ, ಪಡುವಲಹಿಪ್ಪೆ. ಊರಿನ ಹೆಸರಿನಲ್ಲಿ ಸೇರಿದ ಪದಕ್ಕೆ ಆಯುಸ್ಸು ಹೆಚ್ಚು. ಬಾಯಲ್ಲಿ ಮಾತ್ರ ಬದುಕುವ ಪದಕ್ಕೆ ಆ ರಕ್ಷಣೆಯಿಲ್ಲ.

ಅಡಿಗೆಮನೆಯ ‘ಎಸರು’ ಅಂಥ ಒಂದು ಪದ. ಅನ್ನಕ್ಕೋ ಮುದ್ದೆಗೋ ಒಲೆಯ ಮೇಲೆ ಕುದಿಯಲಿಟ್ಟ ನೀರು ಎಸರು. ಕಾಳು ಸೊಪ್ಪು ಬೆಂದ ನೀರೂ ಎಸರೇ. ಆ ನೀರನ್ನು ಬಸಿದು ಮಾಡಿದ್ದು ಬಸ್ಸಾರು. ಉಪ್ಪು ಹಾಕಿ ಬೇಯಿಸಿದ ಎಸರಿನಿಂದ ಆದದ್ದು ಉಪ್ಪೆಸರು. ಬಹುಕಾಲ ಇದು ಒಕ್ಕಲುಮಕ್ಕಳ ಊಟ, ಪಟ್ಟಣದ ಪಂಕ್ತಿಗೆ ಸಲ್ಲದ ಹೆಸರು. ಈಚೆಗೆ ಮೈಸೂರಿನ ಹೋಟೆಲುಗಳು ರಾಗಿಮುದ್ದೆಯ ಜೊತೆಗೆ ಅದನ್ನು ಬಡಿಸುವುದನ್ನು ಜಂಬದಿಂದ ಫಲಕದ ಮೇಲೆ ಬರೆಸುತ್ತವೆ. ಫಲಕದ ಮೇಲೆ ಕಾಣುವುದು ‘ಉಪ್ಸಾರು’. ಪಟ್ಟಣದ ಕಿವಿ ಎಸರನ್ನು ಅರಿಯದೆ ತನಗೆ ಪರಿಚಯವಿದ್ದ ಸಾರನ್ನು ಅಲ್ಲಿ ಕೂರಿಸಿದೆ. ಹಿನಕಲ್ಲಿನ ಮುದುಕಿಯರು ‘ಎಸರಿಡು’ ಎಂದು ಸೊಸೆಗೆ ಹೇಳುವುದು ಇಂದಿಗೂ ಕೇಳಿಬರುತ್ತದೆ. ಎರಡು ಬೀದಿ ದಾಟಿ ವಿಜಯನಗರಕ್ಕೆ ಬಂದರೆ ಕುಕ್ಕರಿನ ಶಿಳ್ಳೆ. ಅದರೊಳಗೆ ಅಕ್ಕಿಯೂ ನೀರೂ ಒಟ್ಟಿಗೇ ಬೀಳುವುದರಿಂದ ಯಾರೂ ಯಾರಿಗೂ ಎಸರಿಡಲು ಹೇಳಬೇಕಾಗಿಲ್ಲ.